ತೆರೆ ಎಣಿಸುವ ಸುಖ

ತೆರೆ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನಬಾರದು, ಸೊನ್ನೆ ಎನ್ನಬೇಕು. ಕಾಪುವಿನ ದೀಪಸ್ತಂಭದ ಬಂಡೆಯಿಂದ ತುಸು ಆಚೆ ನೀರಿನಲ್ಲಿ ತಲೆ ಎತ್ತಿದ ಕಲ್ಲೊಂದನ್ನು ಗುರುತಿಟ್ಟುಕೊಳ್ಳುತ್ತೇನೆ. ತೆರೆಯ ನೆತ್ತಿ ಅದಕ್ಕೆ ತಾಗಿದ ಕ್ಷಣ ಗಡಿಯಾರ ಒತ್ತಿ ಸೊನ್ನೆ. ಮುಂದಿನದಕ್ಕೆ ಒಂದು. ಹತ್ತು ಎನ್ನುವ ಹೊತ್ತಿಗೆ 100 ಸೆಕೆಂಡ್ ಕಳೆದಿದ್ದರೆ ತೆರೆಯ ಅವಧಿ 10 ಸೆಕೆಂಡ್. ಅದನ್ನೇ ತಲೆಕೆಳಗು ಮಾಡಿದರೆ ಆವೃತ್ತಿ: ನಿಮಿಷಕ್ಕೆ 6 ತೆರೆ.

ಒಂದೇ ತೆರೆಯನ್ನು ಅಳೆದರೆ ಸಾಲದು. ಅವು ಗುಂಪು ಕಟ್ಟಿಕೊಂಡು ಬರುತ್ತವೆ. ಕೆಲವು ದೊಡ್ಡವು, ಆಮೇಲೆ ಒಂದಷ್ಟು ಸಣ್ಣವು. ನಾಡದೋಣಿ ಇಳಿಸುವವರನ್ನು ನೋಡಿ. ಅಂಚು ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ, ಕಣ್ಣು ಆಚೆಗೆ. ದೊಡ್ಡವು ಮುಗಿದವೆಂದು ಕಂಡದ್ದೇ ತಡ, ಎಲ್ಲರೂ ಒಟ್ಟಿಗೆ ದೂಡುತ್ತಾರೆ. ಗಡಿಯಾರ ಇಲ್ಲದ ಆ ಲೆಕ್ಕದ ಮುಂದೆ ನನ್ನದು ಎಳಸು.

ಸಂಜೆ ದೀಪಸ್ತಂಭ ಹತ್ತಲು ಬಿಟ್ಟಾಗ ಮೇಲಕ್ಕೆ ಹೋಗಿಬಿಡುತ್ತೇನೆ. 1901ರ ಗೋಪುರ, ಎತ್ತರ ಸುಮಾರು 27 ಮೀಟರ್. ಅಲ್ಲಿಂದ ನೋಡಿದರೆ ಪಠ್ಯಪುಸ್ತಕದ ಸೂತ್ರ ಕಣ್ಣೆದುರೇ ಹರಡಿಕೊಂಡಿರುತ್ತದೆ. ದೂರದಲ್ಲಿ ತೆರೆಯ ಗೆರೆಗಳ ನಡುವೆ ಧಾರಾಳ ಜಾಗ. ದಡಕ್ಕೆ ಬಂದಂತೆ ಅವು ಒತ್ತೊತ್ತಾಗುತ್ತವೆ. ವೇಗವೆಂದರೆ ಗೆರೆಗಳ ನಡುವಿನ ಆ ಜಾಗವನ್ನು, ಅಂದರೆ ತರಂಗದೂರವನ್ನು, ಆವೃತ್ತಿಯಿಂದ ಗುಣಿಸಿದ್ದು, ಇಲ್ಲವೇ ಅವಧಿಯಿಂದ ಭಾಗಿಸಿದ್ದು. ಆಳ ಕಡಲಿನಲ್ಲಿ 10 ಸೆಕೆಂಡಿನ ತೆರೆಯ ತರಂಗದೂರ 156 ಮೀಟರ್, ವೇಗ ಸೆಕೆಂಡಿಗೆ 15.6 ಮೀಟರ್. ಆಳ ಕಡಿಮೆಯಾದಂತೆ ತಳ ಅದನ್ನು ತಡೆಯುತ್ತದೆ. 3 ಮೀಟರ್ ಆಳಕ್ಕೆ ಬರುವಾಗ ವೇಗ ಸೆಕೆಂಡಿಗೆ ಸುಮಾರು 5.3 ಮೀಟರಿಗೆ ಇಳಿದು, ತರಂಗದೂರ ಸುಮಾರು 53 ಮೀಟರಿಗೆ ಕುಗ್ಗಿರುತ್ತದೆ. ಬದಲಾಗದೆ ಉಳಿಯುವುದು ಅವಧಿ ಒಂದೇ. ನಿಮಿಷಕ್ಕೆ ಆರು ಹೊರಟಿದ್ದರೆ ಆರೇ ದಡ ಸೇರಬೇಕು. ನಡುದಾರಿಯಲ್ಲಿ ತೆರೆಗಳು ರಾಶಿ ಬೀಳಲಾರವು. ನನಗೆ ಈ ಆಟದ ರುಚಿ ಹತ್ತಿದ್ದೇ ಇದರಿಂದ. ಹುಟ್ಟಿದ ಊರಿನ ಗುರುತೆಂದು ತೆರೆಯ ಬಳಿ ಕೊನೆಗೆ ಉಳಿಯುವುದು ಅವಧಿ.

ಕಾರ್ಕಳದ ಆನೆಕೆರೆಯಲ್ಲಿ ಸಣ್ಣ ಕಲ್ಲೆಸೆದರೆ ಬೇರೆಯದೇ ನಿಯಮ. ಕಡಲಿನಲ್ಲಿ ಉದ್ದ ತೆರೆಗೆ ಓಟ ಹೆಚ್ಚು. ಕೆರೆಯ ಕಿರುದೆರೆಗಳಲ್ಲಿ, ತರಂಗದೂರ 1.7 ಸೆಂಟಿಮೀಟರಿಗಿಂತ ಕಡಿಮೆಯಾದರೆ, ಗಿಡ್ಡ ಇದ್ದಷ್ಟೂ ಓಟ ಹೆಚ್ಚು. ಅಲ್ಲಿ ನೀರನ್ನು ಎಳೆದು ಸಮ ಮಾಡುವುದು ಗುರುತ್ವಕ್ಕಿಂತ ಹೆಚ್ಚಾಗಿ ಮೇಲ್ಮೈಯ ಬಿಗಿತ. ಉಂಗುರಗಳ ಹೊರ ಅಂಚನ್ನು ಬಾಗಿ ನೋಡಿ, ಕೂದಲೆಳೆಯಂಥ ಗೆರೆಗಳು ಎಲ್ಲಕ್ಕಿಂತ ಮುಂದಿರುತ್ತವೆ.

ಇನ್ನೊಂದು ಹೊಂದಿಕೆ ನನಗೆ ಬಹಳ ಇಷ್ಟ. ಮಣಿಪಾಲ, ಉಡುಪಿಯ ಮನೆಗಳಲ್ಲಿ ನಾವು ಕೇಳಿ ಬೆಳೆದ ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದದ್ದು, ಮಧ್ಯಮ ತರಂಗದಲ್ಲಿ 1089 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ 275 ಮೀಟರ್. ಅವಧಿ 13 ಸೆಕೆಂಡಿಗೆ ತುಸು ಮೇಲಿರುವ ತೆರೆಗೂ ಆಳ ಕಡಲಿನಲ್ಲಿ ಅಷ್ಟೇ ಉದ್ದ! ರೇಡಿಯೋ ತರಂಗ ಸೆಕೆಂಡಿಗೆ ಹತ್ತು ಲಕ್ಷ ಚಿಲ್ಲರೆ ಬಾರಿ ಕಂಪಿಸುತ್ತದೆ, ತೆರೆ ಒಮ್ಮೆ ಏರಿ ಇಳಿಯಲು 13 ಸೆಕೆಂಡ್ ತೆಗೆದುಕೊಳ್ಳುತ್ತದೆ. ಉದ್ದ ಒಂದೇ, ವೇಗ ಬೇರೆ, ಅಂತರವೆಲ್ಲ ಅಲ್ಲಿ.

ಎಣಿಸಲು ನನ್ನ ಮೆಚ್ಚಿನ ಕಾಲ ಏಪ್ರಿಲ್. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಮೂರು, ನಾಲ್ಕು ಸೆಕೆಂಡಿನ ಚಿಲ್ಲರೆ ತೆರೆಗಳು ಎಲ್ಲವನ್ನೂ ಕಲಸಿಬಿಡುತ್ತವೆ. ಬೆಳಿಗ್ಗೆ ಗಾಳಿ ಇರುವುದಿಲ್ಲ, ನೀರು ಎಣ್ಣೆ ಸವರಿದ ಹಾಗೆ. ಆದರೂ ಒಮ್ಮೊಮ್ಮೆ ತಗ್ಗಾದ, ಅಗಲವಾದ ಉಬ್ಬು ಬರುತ್ತದೆ. ಗಡಿಯಾರ 16 ಸೆಕೆಂಡ್ ತೋರಿಸುತ್ತದೆ. ನಮ್ಮ ಸುತ್ತಲಿನ ಗಾಳಿ ಅಂಥದ್ದನ್ನು ಎಬ್ಬಿಸುವುದಿಲ್ಲ. ಅದು ಸಮಭಾಜಕದ ಆಚೆ, ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿದ್ದು. ಒಂದೊಂದು ನೆತ್ತಿಯ ವೇಗ ಗಂಟೆಗೆ 90 ಕಿಲೋಮೀಟರ್, ಹೆದ್ದಾರಿ 66ರಲ್ಲಿ ಓಡುವ ಎಕ್ಸ್‌ಪ್ರೆಸ್ ಬಸ್ಸಿನಷ್ಟು. ಆದರೆ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. ಮುಂದಿನ ನೆತ್ತಿಗಳು ಕರಗುತ್ತ, ಹಿಂದೆ ಹೊಸವು ಮೂಡುತ್ತ ಬರುತ್ತವೆ. ದಿನಕ್ಕೆ ಸಾವಿರ ಕಿಲೋಮೀಟರಿನ ಲೆಕ್ಕ ಹಾಕಿದರೆ ಆರು ದಿನದ ಪಯಣ. ಉದ್ದ ಅವಧಿಯವು ಮೊದಲು ತಲುಪುತ್ತವೆ. ಮರುದಿನ 15, ಆಮೇಲೆ 14 ಎಂದು ಎಣಿಕೆ ಇಳಿಯುವುದನ್ನು ನೋಡುತ್ತ ಬಿರುಗಾಳಿ ಎಷ್ಟು ದೂರದ್ದೆಂದು ಊಹಿಸಬಹುದು.

ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಇಂಥ ಉಬ್ಬುಗಳ ಎತ್ತರ, ಅವಧಿಗಳನ್ನು ಮುಂಚೆಯೇ ಪ್ರಕಟಿಸುತ್ತದೆ. ನನ್ನ ಎಣಿಕೆಯನ್ನು ಅದರೊಂದಿಗೆ ತಾಳೆ ನೋಡುವುದೂ ಒಂದು ಖುಷಿ. ಉದ್ದ ಅವಧಿಯ ತೆರೆ ನೋಡಲು ಸಾಧು; ಎರಡರ ನಡುವೆ ಬಹಳ ಬಿಡುವಿರುವುದರಿಂದ ಕಡಲು ಶಾಂತವಾಗಿದೆ ಅನಿಸುತ್ತದೆ. ಆದರೆ ಮರಳಿನ ಮೇಲೆ ಅದು ಏರುವಷ್ಟು ದೂರ ಅದೇ ಎತ್ತರದ ಗಿಡ್ಡ ತೆರೆ ಏರದು. ಹಾಗಾಗಿ ಎಣಿಕೆ 16 ದಾಟಿದ ದಿನ ಗಡಿಯಾರ ಜೇಬಿಗಿಳಿಸಿ, ಫೋಟೋಕ್ಕೆಂದು ತಗ್ಗಿನ ಕಲ್ಲುಗಳ ಮೇಲೆ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಕೂಗಿ ಮೇಲಕ್ಕೆ ಕರೆಯುತ್ತೇನೆ.