ಹೊಗೆಯಿಂದ ಬೆಂಕಿಯನ್ನು ಅರಿತವರು

ಧೂಳೆಂಬುದಕ್ಕೆ ನಮ್ಮ ನುಡಿಯಲ್ಲಿ ಎರಡು ಬಗೆಯ ಸ್ಥಾನವುಂಟು. ಹಿರಿಯರ ಪಾದಧೂಳಿಯನ್ನು ಶಿರದಲ್ಲಿ ಧರಿಸುವೆವು. ಹಗೆಯನ್ನು ಸೋಲಿಸಿದರೆ ಧೂಳೀಪಟ ಮಾಡಿದೆವೆನ್ನುವೆವು. ಇವೆರಡರ ನಡುವೆ, ಪ್ರತಿದಿನವೂ ನಮ್ಮ ಉಸಿರಿನೊಡನೆ ಒಳಹೋಗುವ ಧೂಳಿನ ವಿಚಾರವಾಗಿ ಮಾತ್ರ ನಾವು ಏನನ್ನೂ ಹೇಳುವುದಿಲ್ಲ. ಬೆಳಿಗ್ಗೆ ಗುಡಿಸಿ, ಸಂಜೆ ಮತ್ತೊಮ್ಮೆ ಗುಡಿಸಿ, ಅದರ ಮಾತನ್ನು ಹೊಸ್ತಿಲಾಚೆಗೆ ಬಿಟ್ಟುಬಿಡುವುದು ವಾಡಿಕೆ. ಹೀಗಿರಲು, ವಿದ್ವಾಂಸರೊಬ್ಬರು ಸುಮಾರು ಐವತ್ತು ವರ್ಷಗಳ ಕಾಲ ಹೊಗೆಯನ್ನೂ ಧೂಳನ್ನೂ ವ್ಯಾಸಂಗಮಾಡಿ, ಅದರಲ್ಲಿಯೇ ಕೀರ್ತಿಯನ್ನು ಪಡೆದರೆಂದರೆ ಕೇಳಿದವರಿಗೆ ಸೋಜಿಗವಾಗುವುದು ಸಹಜವೇ ಸರಿ.

ಈ ಲೇಖನಕ್ಕೆ ಪ್ರೇರಣೆಯಾದದ್ದು ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಕೇಳಿದ ಪ್ರಶ್ನೆ. ಮಗಳು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾಗಿ, ಮುಂದೆ ಕೆಮಿಕಲ್ ಇಂಜಿನಿಯರಿಂಗ್ ಓದಬೇಕೆಂದು ಹಟಹಿಡಿದಿದ್ದಳು. ತಾಯಿಗೆ ಅದು ಒಪ್ಪಿಗೆಯಿಲ್ಲ. "ಮೇಡಂ, ಅದು ಕಾರ್ಖಾನೆಯ ಹೊಗೆಯಲ್ಲಿ ನಿಲ್ಲುವ ಗಂಡಸರ ಕೆಲಸವಲ್ಲವೇ? ಹೊಗೆ ಕುಡಿಯುವುದಕ್ಕೆ ಇಷ್ಟು ಓದಬೇಕೆ?" ಎಂದು ಆಕೆ ಕೇಳಿದರು. ಅಂದು ನಾಲ್ಕು ಮಾತುಗಳಲ್ಲಿ ಹೇಳಿದ ಉತ್ತರವನ್ನು, ಇತರ ತಾಯಂದಿರಿಗೂ ಉಪಯೋಗವಾದೀತೆಂದು, ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಶೆಲ್ಡನ್ ಫ್ರೀಡ್‌ಲ್ಯಾಂಡರ್ ಎಂಬವರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1927ರಲ್ಲಿ ಜನಿಸಿದರು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಮುಂದೆ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಜಾನ್‌ಸ್ಟೋನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ 1954ರಲ್ಲಿ ಡಾಕ್ಟರೇಟನ್ನು ಗಳಿಸಿದರು. ಈ ವಿದ್ಯೆಯೆಂದರೆ ಕಾರ್ಖಾನೆಯಲ್ಲಿ ನಿಲ್ಲುವುದಷ್ಟೇ ಎಂದು ಭಾವಿಸಲಾಗದು. ಕೊಳವೆಗಳಲ್ಲಿ ದ್ರವಗಳೂ ಅನಿಲಗಳೂ ಹೇಗೆ ಹರಿಯುವುವು, ಶಾಖವು ಎಲ್ಲಿಂದೆಲ್ಲಿಗೆ ಹೋಗುವುದು, ಒಂದು ವಸ್ತುವು ಮತ್ತೊಂದರಲ್ಲಿ ಯಾವ ವೇಗದಿಂದ ಬೆರೆಯುವುದು, ಬೆರೆತು ಏನಾಗುವುದು, ಇವುಗಳ ಲೆಕ್ಕವೇ ಇದರ ತಿರುಳು. ಗುರುಶಿಷ್ಯರು ಕೂಡಿ 1957ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವು, ರಭಸದಿಂದ ಸುಳಿದು ಹರಿಯುವ ಗಾಳಿಯಲ್ಲಿನ ಧೂಳು ಕೊಳವೆಯ ಗೋಡೆಗೆ ಹೇಗೆ ಅಂಟುವುದೆಂಬುದು. ಗೋಡೆಯ ಸಮೀಪದಲ್ಲಿ ಗಾಳಿಯ ತೆಳುವಾದ ಪದರವೊಂದು ಬಹುಮಟ್ಟಿಗೆ ಶಾಂತವಾಗಿರುವುದು. ಆದರೂ ಧೂಳಿನ ಕಣವು ತಾನು ಪಡೆದುಕೊಂಡ ವೇಗದ ಬಲದಿಂದಲೇ ಆ ಪದರವನ್ನು ದಾಟಿ ಗೋಡೆಯನ್ನು ತಾಕುವುದೆಂದು ಅವರು ಲೆಕ್ಕಹಾಕಿ ತೋರಿಸಿದರು. ಮೇಲುನೋಟಕ್ಕೆ ಅಲ್ಪವಾದ ವಿಷಯ. ಆದರೆ ನಮ್ಮ ಶ್ವಾಸನಾಳವೂ ಒಂದು ಕೊಳವೆಯೇ ಅಲ್ಲವೇ?

ಗಾಳಿಯಲ್ಲಿ ತೇಲುವ ಕಣಗಳ ಸ್ವಭಾವವನ್ನು ವಿದ್ಯಾರ್ಥಿನಿಯರು ಇಲ್ಲಿ ಸ್ವಲ್ಪ ಗಮನಿಸಬೇಕು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ತಮ್ಮ ಭಾರದಿಂದ ಬೇಗನೆ ಕೆಳಗಿಳಿಯುವುವು. ನಾವು ಗುಡಿಸುವ ಧೂಳಿನಲ್ಲಿ ಇವೇ ಹೆಚ್ಚು. ಮೈಕ್ರಾನಿನ ಹತ್ತರಲ್ಲೊಂದು ಪಾಲಿಗಿಂತ ಸಣ್ಣವು ನಿಂತಲ್ಲಿ ನಿಲ್ಲದೆ ಅಲೆದಾಡುತ್ತ, ಒಂದಕ್ಕೊಂದು ಡಿಕ್ಕಿಹೊಡೆದು ಕೂಡಿಕೊಂಡು ದೊಡ್ಡವಾಗುವುವು. ಈ ಎರಡರ ನಡುವಿನವು ಬೀಳುವುದೂ ಇಲ್ಲ, ಸುಲಭವಾಗಿ ಕೂಡುವುದೂ ಇಲ್ಲ. ಮಳೆ ಬಂದು ತೊಳೆಯುವ ತನಕ ದಿನಗಟ್ಟಲೆ ಆಕಾಶದಲ್ಲಿಯೇ ಇರುವುವು. ಇಂದು ಪತ್ರಿಕೆಗಳಲ್ಲಿ ಕಾಣುವ 'ಪಿ.ಎಂ. 2.5' ಎಂಬ ಅಳತೆಯು ಎರಡೂವರೆ ಮೈಕ್ರಾನೂ ಅದಕ್ಕಿಂತ ಕಡಿಮೆಯೂ ಆದ ಕಣಗಳದ್ದು. ತಲೆಗೂದಲಿನ ದಪ್ಪವನ್ನು ಸುಮಾರು ಮೂವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು! ಕಣ್ಣಿಗೆ ಕಾಣದ ಇವೇ ಶ್ವಾಸಕೋಶದ ತುದಿಯವರೆಗೆ ಹೋಗಬಲ್ಲುವು. ಕಣಗಳು ಕೂಡಿಕೊಳ್ಳುತ್ತ ಸಂಖ್ಯೆಯಲ್ಲಿ ಕಡಿಮೆಯಾಗುತ್ತಿದ್ದರೂ, ಅವುಗಳ ಸರಾಸರಿ ಗಾತ್ರಕ್ಕೆ ಹೋಲಿಸಿ ನೋಡಿದರೆ ಸಣ್ಣವು ಎಷ್ಟು, ದೊಡ್ಡವು ಎಷ್ಟು ಎಂಬ ಪ್ರಮಾಣವು ಕ್ರಮೇಣ ಒಂದೇ ರೂಪಕ್ಕೆ ಬಂದು ನಿಲ್ಲುವುದೆಂದು ಫ್ರೀಡ್‌ಲ್ಯಾಂಡರ್ ಅವರು ವಾಂಗ್ ಎಂಬವರೊಡನೆ 1966ರಲ್ಲಿ ಗಣಿತದಿಂದ ತೋರಿಸಿದರು. ಅಸ್ತವ್ಯಸ್ತವೆಂದು ತೋರುವ ಹೊಗೆಗೂ ಒಂದು ನಿಯಮವುಂಟೆಂಬುದು ಇದರಿಂದ ಸಿದ್ಧವಾಯಿತು.

ಇದಕ್ಕೆ ಎರಡು ವರ್ಷ ಮೊದಲು, 1964ರಲ್ಲಿ, ಅವರು ಕ್ಯಾಲಿಫೋರ್ನಿಯದ ಕ್ಯಾಲ್ಟೆಕ್ ಎಂಬ ಸುಪ್ರಸಿದ್ಧ ಸಂಸ್ಥೆಗೆ ಅಧ್ಯಾಪಕರಾಗಿ ಬಂದಿದ್ದರು. ಅದರ ನೆರೆಯ ಲಾಸ್ ಏಂಜಲಿಸ್ ಮಹಾನಗರವು ಆಗಲೇ ಮಬ್ಬಿಗೆ ಹೆಸರಾಗಿತ್ತು. 1943ರ ಬೇಸಗೆಯಲ್ಲಿ ಅಲ್ಲಿ ಕಣ್ಣುರಿಸುವ ದಟ್ಟವಾದ ಮಬ್ಬು ಕವಿದಾಗ, ಯುದ್ಧದ ಕಾಲವಾದುದರಿಂದ, ಶತ್ರುಗಳು ವಿಷವಾಯುವನ್ನು ಬಿಟ್ಟಿರುವರೆಂದು ಕೆಲವರು ಭ್ರಮಿಸಿದರಂತೆ. ಮೋಟಾರು ವಾಹನಗಳೂ ತೈಲ ಕಾರ್ಖಾನೆಗಳೂ ಹೊರಬಿಡುವ ಅನಿಲಗಳ ಮೇಲೆ ಬಿಸಿಲು ಬಿದ್ದು ಆಕಾಶದಲ್ಲಿಯೇ ಈ ಮಬ್ಬು ತಯಾರಾಗುವುದೆಂಬುದನ್ನು, ಸುಮಾರು 1950ರ ವೇಳೆಗೆ, ಕ್ಯಾಲ್ಟೆಕ್ಕಿನ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರು ಕಂಡುಹಿಡಿದರು. ಹೀಗೆ ನಗರದ ಮೇಲಿನ ಆಕಾಶವೇ ಒಂದು ದೊಡ್ಡ ರಸಾಯನಪಾತ್ರೆಯಾದ ಮೇಲೆ, ಅಲ್ಲಿ ಕೆಮಿಕಲ್ ಇಂಜಿನಿಯರಿಗೆ ಕೆಲಸವಿಲ್ಲದೆ ಹೋದೀತೆ?

ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನಪ್ರಮಾಣಕ್ಕೆ ಕೊಡುವ ಉದಾಹರಣೆಯನ್ನು ಎಲ್ಲರೂ ಕೇಳಿರುವರು: ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕು. ಆದರೆ ನಗರದಲ್ಲಿ ಬೆಂಕಿ ಒಂದೇ ಅಲ್ಲ. ವಾಹನದ ಬೆಂಕಿ, ಕಾರ್ಖಾನೆಯ ಬೆಂಕಿ, ಕಸ ಸುಡುವ ಬೆಂಕಿ. ಇವುಗಳ ಜತೆಗೆ ರಸ್ತೆಯ ಮಣ್ಣು, ಸಮುದ್ರದ ಉಪ್ಪು. ಎಲ್ಲವೂ ಬೆರೆತ ಗಾಳಿಯನ್ನು ಹಿಡಿದು, ಇದರಲ್ಲಿ ಯಾವುದರ ಪಾಲೆಷ್ಟು ಎಂದು ಹೇಳುವುದು ಹೇಗೆ? ಫ್ರೀಡ್‌ಲ್ಯಾಂಡರ್ ಅವರು 1973ರಲ್ಲಿ ಇದಕ್ಕೊಂದು ಮಾರ್ಗವನ್ನು ಬರೆದು ಪ್ರಕಟಿಸಿದರು. ನುರಿತ ಗೃಹಿಣಿಯು ಸಾರನ್ನು ಒಮ್ಮೆ ಬಾಯಿಗೆ ಹಾಕಿ, ಕೊತ್ತಂಬರಿ ಇಷ್ಟು, ಮೆಂತ್ಯ ಇಷ್ಟು, ಇಂಗು ತುಸು ಹೆಚ್ಚು ಎಂದು ಹೇಳುವುದಿಲ್ಲವೇ? ಅದೇ ರೀತಿ ಪ್ರತಿಯೊಂದು ಮೂಲಕ್ಕೂ ಅದರದೇ ಗುರುತಿನ ಧಾತುವುಂಟು. ಸಮುದ್ರದಿಂದ ಬಂದುದರಲ್ಲಿ ಸೋಡಿಯಂ, ಮಣ್ಣಿನಿಂದ ಬಂದುದರಲ್ಲಿ ಅಲ್ಯುಮಿನಿಯಂ, ಕಾರ್ಖಾನೆಗಳ ಉರುವಲೆಣ್ಣೆಯಲ್ಲಿ ವೆನೇಡಿಯಂ, ವಾಹನದ ಹೊಗೆಯಲ್ಲಿ ಸೀಸ. ಆ ಕಾಲದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಗಾಳಿಯಲ್ಲಿ ಸಿಕ್ಕಿದ ಧಾತುಗಳನ್ನು ತೂಗಿ, ಸಮೀಕರಣಗಳನ್ನು ಬಿಡಿಸಿದರೆ, ಯಾವ ಬೆಂಕಿಯ ಹೊಗೆ ಎಷ್ಟೆಂಬುದು ತಿಳಿದುಬರುವುದು. ಬೀಜಗಣಿತದ ಸಮೀಕರಣಗಳಿಂದ ಏನು ಪ್ರಯೋಜನವೆಂದು ಕೇಳುವ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

1977ರಲ್ಲಿ ಅವರು ತಮ್ಮ ಪಾಠಗಳನ್ನೆಲ್ಲ ಕೂಡಿಸಿ 'ಹೊಗೆ, ಧೂಳು ಮತ್ತು ಮಬ್ಬು' ಎಂಬರ್ಥದ ಹೆಸರಿನ ಗ್ರಂಥವನ್ನು ಇಂಗ್ಲಿಷಿನಲ್ಲಿ ರಚಿಸಿದರು. ಮರುವರ್ಷ ಲಾಸ್ ಏಂಜಲಿಸ್ ನಗರದಲ್ಲಿಯೇ ಇರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರ ಬಳಿಯಲ್ಲಿ ಕಲಿತವರಲ್ಲಿ ಭಾರತದ ಚಂದ್ರಾ ವೆಂಕಟರಾಮನ್ ಎಂಬ ಮಹಿಳೆಯೂ ಒಬ್ಬರು. ವಾಹನಗಳ ಹೊಗೆಯಲ್ಲಿನ ಮಸಿಯನ್ನೂ ಅದರೊಡನೆ ಬರುವ ವಿಷಪದಾರ್ಥಗಳನ್ನೂ ಗಾತ್ರವಾರು ಅಳೆದು, ಗುರುಗಳೊಡನೆ 1994ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದ ಈಕೆ, ಮುಂಬಯಿಯ ಐ.ಐ.ಟಿ.ಯಲ್ಲಿ ಕೆಮಿಕಲ್ ಇಂಜಿನಿಯರಿಂಗಿನ ಪ್ರಾಧ್ಯಾಪಕಿಯಾದರು. ಗುರುಗಳು ಮಹಾನಗರದ ಹೊಗೆಯನ್ನು ಕೇಳಿದ ಪ್ರಶ್ನೆಯನ್ನು ಶಿಷ್ಯೆಯು ನಮ್ಮ ಅಡಿಗೆಮನೆಯ ಹೊಗೆಗೆ ಕೇಳಿದರು.

ಆ ಹೊಗೆಯ ಪರಿಚಯವು ನನಗೆ ಪುಸ್ತಕದಿಂದ ಆದುದಲ್ಲ. ನಮ್ಮ ಮನೆಯಲ್ಲಿ ಮಳೆಗಾಲದ ಹಸಿಸೌದೆಯನ್ನು ಊದುಕೊಳವೆಯಿಂದ ಊದಿ ಊದಿ ಹೊತ್ತಿಸುವಾಗ ನಮ್ಮ ತಾಯಿಯ ಕಣ್ಣುಗಳು ಕೆಂಡದಂತಾಗುತ್ತಿದ್ದುವು. ಮಾಡಿನ ತೊಲೆಗಳು ಕಪ್ಪಗೆ ಮಿರುಗುತ್ತಿದ್ದುವು. ನಡುವಯಸ್ಸು ದಾಟಿದ ಮೇಲೆ ಅವರಿಗೆ ಕೆಮ್ಮು ಹತ್ತಿತು; ನಾಲ್ಕು ಮೆಟ್ಟಲು ಹತ್ತಿದರೆ ಏದುಸಿರು. ಪರೀಕ್ಷಿಸಿದ ವೈದ್ಯರು ಮೊದಲು ಕೇಳಿದ ಮಾತು, "ಇವರಿಗೆ ಬೀಡಿ ಸೇದುವ ಅಭ್ಯಾಸವುಂಟೆ?" ಎಂದು. ತಾಯಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಒಲೆಯ ಹೊಗೆಯೇ ಕಾರಣವಿರಬೇಕೆಂದು ವೈದ್ಯರು ತಿಳಿಸಿದಾಗ, "ಹೆಣ್ಣಾಗಿ ಹುಟ್ಟಿದ ಮೇಲೆ ಹೊಗೆ ತಪ್ಪೀತೇ ಮಗಾ?" ಎಂದು ನನಗೆ ಸಮಾಧಾನ ಹೇಳಿದವರು ಅವರೇ. ಅವರು ತೀರಿಹೋಗಿ ಹನ್ನೆರಡು ವರ್ಷಗಳಾದುವು. ಕಾಯಿಲೆಗಿಂತಲೂ ಆ ಮಾತೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಲೆಕ್ಕಕ್ಕೆ ಸಿಕ್ಕದುದನ್ನು ಮನುಷ್ಯರು ಹಣೆಬರಹವೆಂದು ಕರೆಯುವರು.

ಆ ಲೆಕ್ಕವನ್ನು ಹಿಡಿದವರಲ್ಲಿ ಚಂದ್ರಾ ವೆಂಕಟರಾಮನ್ ಅವರೂ ಅವರ ಸಹೋದ್ಯೋಗಿಗಳೂ ಸೇರುವರು. ಸೌದೆ, ಬೆಳೆಯ ಕಡ್ಡಿ, ಬೆರಣಿ ಇವುಗಳನ್ನು ಒಲೆಯಲ್ಲಿ ಉರಿಸಿ, ಏಳುವ ಹೊಗೆಯನ್ನು ಹಿಡಿದು, ಅದರಲ್ಲಿ ಮಸಿ ಎಷ್ಟು ಎಂದು ಅಳೆದರು. ಭಾರತದಲ್ಲಿ ಗಾಳಿಗೆ ಸೇರುವ ಕರಿಮಸಿಗೆ ಇಂತಹ ಉರುವಲೇ ಅತಿ ದೊಡ್ಡ ಮೂಲವೆಂದೂ, ಆ ಮಸಿಯು ಬಿಸಿಲನ್ನು ಹೀರಿ ಹವಾಮಾನವನ್ನೂ ಬದಲಾಯಿಸುವುದರಿಂದ ಒಲೆಯನ್ನು ಸುಧಾರಿಸಿದರೆ ಆರೋಗ್ಯವೂ ಹವೆಯೂ ಎರಡೂ ಸುಧಾರಿಸುವುವೆಂದೂ 2005ರಲ್ಲಿ 'ಸೈನ್ಸ್' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪ್ರಬಂಧವನ್ನು ಬರೆದ ಐವರ ಹೆಸರುಗಳಲ್ಲಿ ಮೊದಲನೆಯದು ಶಿಷ್ಯೆಯದು, ಕಡೆಯದು ಗುರುಗಳದು. ಫ್ರೀಡ್‌ಲ್ಯಾಂಡರ್ ಅವರಿಗೆ ಆಗ ಎಪ್ಪತ್ತೇಳು ವರ್ಷ. ಎರಡು ವರ್ಷಗಳ ತರುವಾಯ, 2007ರಲ್ಲಿ, ಅವರು ನಿಧನರಾದರು. ಹೆಸರುಗಳ ಆ ಕ್ರಮವನ್ನು ಓದಿದಾಗ ಉಪಾಧ್ಯಾಯಿನಿಯಾದ ನನಗೆ ಆದ ಸಂತೋಷವನ್ನು ಇತರ ಉಪಾಧ್ಯಾಯರು ಬಲ್ಲರು.

ನಮ್ಮ ನಾಡಿನವರು ಈ ವಿಚಾರದಲ್ಲಿ ಸುಮ್ಮನಿದ್ದರೆಂದು ತಿಳಿಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗದವರು ಮೂರು ಪಾತ್ರೆಗಳನ್ನಿಡುವ, ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿದರು. ಹಳ್ಳಿಹಳ್ಳಿಗಳಿಗೆ ಹೋದ ಆ ಅಸ್ತ್ರ ಒಲೆಯು, ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ನಮ್ಮ ಮನೆಗೂ ಬಂದಿತು. ಸೌದೆಯೂ ಉಳಿಯಿತು, ತಾಯಿಯ ಕಣ್ಣಿಗೂ ತುಸು ವಿಶ್ರಾಂತಿ ದೊರೆಯಿತು. ಆದರೆ ಕೊಳವೆಯು ಹೊಗೆಯನ್ನು ಅಡಿಗೆಮನೆಯಿಂದ ಹೊರಗೆ ಕಳುಹಿಸಬಲ್ಲುದೇ ಹೊರತು ಇಲ್ಲವೆನಿಸಲಾರದು. 2018ರಲ್ಲಿ ಪ್ರಕಟವಾದ, ಚಂದ್ರಾ ವೆಂಕಟರಾಮನ್ ಅವರೂ ಭಾಗಿಯಾಗಿದ್ದ ವರದಿಯೊಂದರ ಪ್ರಕಾರ, ಭಾರತದಲ್ಲಿ 2015ರಲ್ಲಿ ಹೊರಗಾಳಿಯ ಸೂಕ್ಷ್ಮಕಣಗಳಿಂದಾದ ಮರಣಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿಗೆ ಮನೆಗಳಲ್ಲಿ ಉರಿಸುವ ಸೌದೆ ಬೆರಣಿಗಳೇ ಕಾರಣ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಲೋಕದಲ್ಲೆಲ್ಲ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಗ್ಯಾಸ್ ಒಲೆ ಬಂದಿದೆ. ಆದರೂ ಸಿಲಿಂಡರು ಮುಗಿದು, ಮತ್ತೊಂದಕ್ಕೆ ಹಣವಿಲ್ಲದಾಗ, ಮೂಲೆಯ ಸೌದೆಯ ಒಲೆ ಮತ್ತೆ ಹೊತ್ತುವುದು. ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರ ಸಮವಸ್ತ್ರದಲ್ಲಿ ಬೆಳಗಿನ ಹೊಗೆಯ ವಾಸನೆ ಇಂದಿಗೂ ಇರುವುದನ್ನು ನಾನು ಬಲ್ಲೆನು.

ಆದಕಾರಣ ಪ್ರಿಯ ವಿದ್ಯಾರ್ಥಿನಿಯರೇ, ಮೇಲಿನ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿಷ್ಟೆ: ಓದದೆಯೂ ನಮ್ಮ ಹೆಣ್ಣುಮಕ್ಕಳು ಹೊಗೆಯನ್ನು ಕುಡಿಯುತ್ತಲೇ ಬಂದಿರುವರು, ಓದಿದವಳು ಅದರ ಕಾರಣವನ್ನು ಕೇಳಬಲ್ಲಳು. ಇದಕ್ಕೆ ಬೇಕಾದ ಸಾಮಗ್ರಿಯು ನಿಮ್ಮ ಕೈಯಲ್ಲಿರುವ ಪುಸ್ತಕಗಳಲ್ಲಿಯೇ ಉಂಟು: ಗಣಿತದ ಸಮೀಕರಣ, ಭೌತಶಾಸ್ತ್ರದ ಚಲನೆ, ರಸಾಯನಶಾಸ್ತ್ರದ ಧಾತುಗಳು. ಜತೆಗೆ ಬೇಕಾದುದು ತಾಳ್ಮೆ. ಕಾಣದ ಕಣವನ್ನು ತೂಗುವವಳು ಆತುರಪಡಲಾಗದು. ಆ ಹುಡುಗಿಯು ಈ ವರ್ಷ ಪಿ.ಯು. ತರಗತಿಯ ವಿಜ್ಞಾನವಿಭಾಗಕ್ಕೆ ಸೇರಿರುವಳು. ಶುಲ್ಕದ ಮೊದಲ ಕಂತನ್ನು ಕಟ್ಟಲು ಜತೆಯಲ್ಲಿ ಬಂದವರು ಆಕೆಯ ತಾಯಿಯೇ.