ಬಟ್ಟಲಲ್ಲಿ ಬೂತಾಯಿ

ಜಪಾನಿನ ಊಟ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸುಶಿ. ಆದರೆ ಅಲ್ಲಿನ ಜನ ಕೆಲಸದ ನಡುವೆ ಹಸಿವಾದಾಗ ರೈಲು ನಿಲ್ದಾಣದ ಬದಿಯ ಸಣ್ಣ ಹೋಟೆಲಿಗೆ ಹೊಕ್ಕು ಬೇಗ ಬೇಗ ಉಂಡು ಏಳುವುದು, ಮನೆಯಲ್ಲಿ ಒಬ್ಬರೇ ಇದ್ದಾಗ ಮಾಡಿಕೊಳ್ಳುವುದು ಡೊನ್‌ಬುರಿ. ಆಳವಾದ ಬಟ್ಟಲು, ಅದರಲ್ಲಿ ಮುಕ್ಕಾಲು ಬಿಸಿ ಅನ್ನ, ಅನ್ನದ ಮೇಲೆ ಸಾಮಾನ್ಯವಾಗಿ ಒಂದು ಪದಾರ್ಥ. ಅದು ಮೀನಾಗಿರಬಹುದು, ಮೊಟ್ಟೆಯಲ್ಲಿ ಬೆಂದ ಕೋಳಿಯಾಗಿರಬಹುದು, ಕರಿದ ಸೀಗಡಿಯಾಗಿರಬಹುದು. ಅನ್ನ ಮತ್ತು ಮೀನನ್ನೇ ನಂಬಿ ಬೆಳೆದ ಕರಾವಳಿಯವರಿಗೆ ಇಷ್ಟು ಹತ್ತಿರದ ಇನ್ನೊಂದು ಊಟ ಪರದೇಶದಲ್ಲಿ ಇರಲಾರದು ಎಂದು ನನಗೆ ಅನ್ನಿಸುತ್ತದೆ.

ಇದರ ಹುಟ್ಟಿಗೆ ಒಂದು ಕಥೆಯಿದೆ. ಟೋಕಿಯೊ ಇನ್ನೂ ಎದೊ ಎನ್ನಿಸಿಕೊಂಡಿದ್ದ ಕಾಲ, ಹತ್ತೊಂಬತ್ತನೇ ಶತಮಾನದ ಆರಂಭ. ಓಕುಬೊ ಇಮಾಸುಕೆ ಎಂಬ ನಾಟಕಶಾಲೆಯ ಹಣ ಹೂಡಿಕೆದಾರನಿಗೆ ಕೆಂಡದ ಮೇಲೆ ಸುಟ್ಟ ಹಾವುಮೀನೆಂದರೆ ಪ್ರಾಣ. ಅಂಗಡಿಯಿಂದ ನಾಟಕಶಾಲೆಗೆ ತರುವಷ್ಟರಲ್ಲಿ ಅದು ಆರಿ ತಣ್ಣಗಾಗುತ್ತಿತ್ತಂತೆ. ಬಿಸಿ ಅನ್ನದ ಬಟ್ಟಲಿನಲ್ಲಿ ಹೂತು ತರುವಂತೆ ಹೇಳಿದ. ಮೀನು ಬಿಸಿಯಾಗಿಯೇ ಬಂತು. ಜೊತೆಗೆ ಮೀನಿಗೆ ಬಳಿದಿದ್ದ ಸಿಹಿ-ಉಪ್ಪಿನ ಸಾಸ್ ಅನ್ನಕ್ಕೆ ಇಳಿದು ಅನ್ನದ ರುಚಿಯೇ ಬೇರೆಯಾಗಿತ್ತು. ಕಥೆ ಎಷ್ಟು ನಿಜವೋ, ಆ ರುಚಿ ಮಾತ್ರ ಪೂರ್ತಿ ನಿಜ. ಡೊನ್‌ಬುರಿಯ ಜೀವ ಇರುವುದು ಮೇಲಿನ ಮೀನಿನಲ್ಲಿ ಅಲ್ಲ, ಮೀನಿನ ಕೆಳಗೆ ಸಾಸ್ ಹೀರಿಕೊಂಡು ಕುಳಿತ ಒಂದು ಬೆರಳಿನಷ್ಟು ಅನ್ನದಲ್ಲಿ.

ಈಗ ಆ ಹಾವುಮೀನು ಅಪರೂಪದ್ದು, ದುಬಾರಿಯದು. 2014ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಜಪಾನಿನ ಮನೆಯಡುಗೆಯವರು ಅದಕ್ಕೂ ಎಷ್ಟೋ ಮೊದಲೇ ಅಗ್ಗದ ದಾರಿಯೊಂದನ್ನು ಹಿಡಿದಿದ್ದರು. ಅದೇ ಸಾಸ್, ಅದೇ ವಿಧಾನ, ಮೀನು ಮಾತ್ರ ಬೂತಾಯಿ. ಅಲ್ಲಿ ಅದರ ಹೆಸರು ಇವಾಶಿ. ಕುಂದಾಪುರದವರು ಬೈಗೆ ಎನ್ನುತ್ತಾರೆ, ಕಾರವಾರದ ಕಡೆ ತಾರ್ಲೆ. ಜಾತಿ ಸ್ವಲ್ಪ ಬೇರೆ, ಆದರೆ ಒಂದೇ ಬಳಗದ ಮೀನು. ಎರಡೂ ಎಣ್ಣೆ ತುಂಬಿದವು, ಎರಡೂ ಬಡವರ ಮನೆಯವು. ಎದೊ ಕಾಲದಲ್ಲಿ ಕುಜುಕುರಿ ಎಂಬ ಉದ್ದನೆಯ ಕಡಲ ತೀರದಲ್ಲಿ ಇವಾಶಿಯನ್ನು ಒಣಗಿಸಿ ಹತ್ತಿ ಹೊಲಗಳಿಗೆ ಗೊಬ್ಬರವಾಗಿ ಕಳಿಸುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬೂತಾಯಿ ರಾಶಿ ಬಿದ್ದ ವರ್ಷ ಅದೇ ಮೀನು ತೆಂಗಿನ ಬುಡ ಸೇರುತ್ತಿತ್ತು, ಅದರ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಜಪಾನಿನಲ್ಲಿ ಫೆಬ್ರವರಿ ಮೊದಲ ವಾರದ ಸೆತ್ಸುಬುನ್ ಹಬ್ಬದಂದು ಸುಟ್ಟ ಇವಾಶಿಯ ತಲೆಯನ್ನು ಮುಳ್ಳೆಲೆಯ ಕಡ್ಡಿಗೆ ಚುಚ್ಚಿ ಬಾಗಿಲಿಗೆ ಸಿಕ್ಕಿಸುತ್ತಾರೆ. ಆ ವಾಸನೆಗೆ ದೆವ್ವ ಒಳಗೆ ಬರುವುದಿಲ್ಲವಂತೆ. ಬೂತಾಯಿ ಹುರಿದ ಮನೆಯ ವಾಸನೆ ಬಲ್ಲವರಿಗೆ ಆ ನಂಬಿಕೆ ಸುಲಭವಾಗಿ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಈಚೆಗೆ ಜಪಾನಿ ಬಟ್ಟಲು ಎಂದರೆ ಸಾಮನ್ ಎಂದಾಗಿದೆ. ನಾರ್ವೆಯಿಂದ ಹಿಮಗಟ್ಟಿ ಬಂದ ಕಿತ್ತಳೆ ಬಣ್ಣದ ಹೋಳುಗಳು, ಅದಕ್ಕೆ ತಕ್ಕ ಬೆಲೆ. ಹಸಿ ಸಾಮನ್ ಜಪಾನಿಗೇ ಹೊಸದು. ಅವರ ಕಡಲಿನ ಸಾಮನ್ ಮೀನಿನಲ್ಲಿ ಪರಾವಲಂಬಿ ಹುಳು ಇರುತ್ತದೆಂದು ಅದನ್ನು ಅವರು ಬೇಯಿಸಿಯೇ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯವರು ತಾವು ಸಾಕಿದ ಮೀನನ್ನು ಮಾರಲು ಪಟ್ಟುಹಿಡಿದು ಪ್ರಚಾರ ಮಾಡಿದ ಮೇಲೆ ಅದು ಅಲ್ಲಿ ಹಸಿಯಾಗಿ ತಟ್ಟೆಗೆ ಬಂತು. ಜಪಾನಿನ ಹಳೆಯ ಪದ್ಧತಿ ಬೇರೆ: ಯಾವ ಬಂದರಿನಲ್ಲಿ ಏನು ಸಿಗುತ್ತದೋ ಅದೇ ಬಟ್ಟಲಿಗೆ. ಟೋಕಿಯೊದ ಫುಕಾಗಾವಾದಲ್ಲಿ ಬೆಸ್ತರು ಮರುವಾಯಿಯಂಥ ಚಿಪ್ಪನ್ನು ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ, ಈರುಳ್ಳಿ ಹೂವಿನ ಜೊತೆ ಬೇಯಿಸಿ ಅನ್ನದ ಮೇಲೆ ಸುರಿದುಕೊಂಡರು. ಉವಾಜಿಮಾದಲ್ಲಿ ತಾಯ್ ಎಂಬ ಮೀನಿನ ಹೋಳುಗಳನ್ನು ಹಸಿ ಮೊಟ್ಟೆ ಬೆರೆಸಿದ ಸಾಸಿನಲ್ಲಿ ಅದ್ದಿ ಅನ್ನಕ್ಕೆ ಹಾಕಿಕೊಂಡರು. ಆ ಲೆಕ್ಕದಲ್ಲಿ ಮಂಗಳೂರಿನ ದಕ್ಕೆಯ ಬೂತಾಯಿ ಹಾಕಿದ ಬಟ್ಟಲು ಸಾಮನ್ ಬಟ್ಟಲಿಗಿಂತ ಹೆಚ್ಚು ಜಪಾನಿ. ಇದು ನನ್ನ ಖಚಿತ ಅಭಿಪ್ರಾಯ.

ಮೀನು ಕೊಳ್ಳುವುದು ಬೆಳಿಗ್ಗೆಯೇ ಆಗಬೇಕು. ನಾನು ಖಾಯಂ ಮೀನು ತೆಗೆದುಕೊಳ್ಳುವ ಹೆಂಗಸು ಬುಟ್ಟಿಯ ಮೇಲಿನ ಐಸು ಸರಿಸಿ, "ಕಣ್ಣು ನೋಡಿ ಅಕ್ಕ, ಬೆಳಗ್ಗಿನದ್ದೇ," ಎನ್ನುತ್ತಾಳೆ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಹೊಟ್ಟೆ ಒಡೆದಿರಬಾರದು, ಬೆನ್ನು ಹಿಡಿದೆತ್ತಿದರೆ ಬಾಲ ಜೋತು ಬೀಳಬಾರದು. ಬೂತಾಯಿ, ಬಂಗುಡೆಯಂಥ ಮೀನುಗಳು ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ ತುರಿಕೆ ಬರುವುದು, ತಲೆ ಸಿಡಿಯುವುದು ಅದರಿಂದಲೇ. ಹಾಗಾಗಿ ಐಸಿನ ವಿಷಯದಲ್ಲಿ ರಾಜಿ ಬೇಡ. ಹಸಿಯಾಗಿ ತಿನ್ನುವ ಆಸೆಯೂ ಬೇಡ, ನಮ್ಮ ಪೇಟೆಯ ಮೀನು ಅದಕ್ಕಾಗಿ ಹಿಡಿದು ಇಟ್ಟಿದ್ದಲ್ಲ.

ಇನ್ನು ಮೀನು ಬಿಡಿಸುವ ಕೆಲಸ. ಈ ಅಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇವಾಶಿ ಬಿಡಿಸಲು ಜಪಾನಿನಲ್ಲಿ ಹೆಚ್ಚಾಗಿ ಚೂರಿ ಹಾಕುವುದಿಲ್ಲ, ಮಾಂಸ ಅಷ್ಟು ಮೆತ್ತಗೆ. ಬೂತಾಯಿಗೂ ಅದೇ ಸರಿ. ಹುರುಪೆ ತೆಗೆದು, ತಲೆ ಮುರಿದು, ಹೊಟ್ಟೆ ಸೀಳಿ ಕರುಳು ತೆಗೆದು ಉಪ್ಪುನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಬೇಕು. ಆಮೇಲೆ ಹೆಬ್ಬೆರಳಿನ ಉಗುರನ್ನು ಹೊಟ್ಟೆಯ ಒಳಗಿಂದ ನಡುಮುಳ್ಳಿನ ಮೇಲಿಟ್ಟು ಮೆಲ್ಲಗೆ ಬಾಲದ ಕಡೆಗೆ ಜಾರಿಸುವುದು. ಮುಳ್ಳಿನ ಏಣುಗಳು ಒಂದೊಂದಾಗಿ ಉಗುರಿಗೆ ತಾಗುತ್ತವೆ, ಮಾಂಸ ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಇನ್ನೊಂದು ಬದಿಯನ್ನೂ ಹಾಗೆಯೇ ಬಿಡಿಸಿ, ಬಾಲದ ಹತ್ತಿರ ಮುಳ್ಳು ಮುರಿದು ಮೇಲಕ್ಕೆ ಎತ್ತಿದರೆ ಇಡೀ ನಡುಮುಳ್ಳು ಪಕ್ಕದ ಮುಳ್ಳುಗಳ ಸಮೇತ ಎದ್ದು ಬರುತ್ತದೆ. ಕೈಯಲ್ಲಿ ಉಳಿಯುವುದು ಬೆನ್ನಿನ ಚರ್ಮದಲ್ಲಿ ಜೋಡಿಕೊಂಡ ಎರಡು ಹಾಳೆ. ಅಲ್ಲಲ್ಲಿ ಉಳಿದ ಕೂದಲೆಳೆಯಂಥ ಮುಳ್ಳು ಹುರಿದಾಗ ಗರಿಯಾಗಿ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಮುಳ್ಳಿಗೆ ಹೆದರಿ ಬೂತಾಯಿ ಬಿಟ್ಟ ಮಕ್ಕಳಿಗೆ ಒಮ್ಮೆ ಹೀಗೆ ಮಾಡಿ ಕೊಡಬೇಕು.

ಸಾಸಿಗೆ ಬೇಕಾದದ್ದು ಸೋಯಾ ಸಾಸ್, ಮಿರಿನ್, ಸಕೆ ಎಂಬ ಅಕ್ಕಿ ಮದ್ಯ, ಸಕ್ಕರೆ. ಎದೊ ನಗರದ ಅಡುಗೆಗೆ ಬಣ್ಣ ಕೊಟ್ಟದ್ದೇ ನೋದಾ, ಚೋಶಿ ಊರುಗಳ ಕಡು ಸೋಯಾ ಸಾಸ್. ಸೋಯಾ ಅವರೆ ಮತ್ತು ಗೋಧಿಯನ್ನು ಬೂಸ್ಟು ಹಿಡಿಸಿ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುಳಿಸಿ ಮಾಡಿದ್ದು. ಗೋಬಿ ಮಂಚೂರಿ ಗಾಡಿಯ ಕಪ್ಪು ಸಾಸ್ ಇಲ್ಲಿ ಆಗದು, ಅದರಲ್ಲಿ ಬಣ್ಣವೇ ಜಾಸ್ತಿ. ಹುದುಗಿಸಿ ಮಾಡಿದ ಜಪಾನಿ ಬಗೆಯ ಶೀಶೆಯೊಂದನ್ನು ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಮಿರಿನ್ ಎಂಬುದು ಅಕ್ಕಿಯಿಂದ ಮಾಡಿದ ಸಿಹಿ ಮದ್ಯ. ಮೀನಿಗೆ ಆ ಹೊಳಪು ಕೊಡುವುದು ಅದೇ. ಅದರ ಬದಲಿಗೆ ನಾನು ಹಾಕುವುದು ಮಲೆನಾಡಿನ ಜೋನಿ ಬೆಲ್ಲ. ಎರಡು ಚಮಚ ಸೋಯಾ ಸಾಸಿಗೆ ಒಂದೂವರೆ ಚಮಚ ಜೋನಿ ಬೆಲ್ಲ, ಎರಡು ಚಮಚ ನೀರು, ಮೀನಿನ ವಾಸನೆ ತೆಗೆಯಲು ಸಕೆಯ ಜಾಗದಲ್ಲಿ ಒಂದು ಚಮಚ ಶುಂಠಿ ರಸ. ಹೊಳಪು ಮಿರಿನ್‌ನಷ್ಟೇ ಬರುತ್ತದೆ, ಜೊತೆಗೆ ಕಬ್ಬಿನ ಒಂದು ಹಿತವಾದ ಹೊಗೆವಾಸನೆ.

ಅನ್ನದ ವಿಷಯಕ್ಕೆ ಬಂದರೆ ನಮಗೂ ಅವರಿಗೂ ಪೂರ್ತಿ ಉಲ್ಟಾ. ನಾವು ಹಳೆ ಅಕ್ಕಿಯನ್ನು ಮೆಚ್ಚುವವರು. ಅನ್ನ ಉದುರುದುರಾಗಿರಬೇಕು, ಹೊಸ ಅಕ್ಕಿ ಮುದ್ದೆಯಾಗುತ್ತದೆಂದು ಮೂಗು ಮುರಿಯುತ್ತೇವೆ. ಜಪಾನಿನಲ್ಲಿ ಶರತ್ಕಾಲದ ಹೊಸ ಅಕ್ಕಿಗೆ ಜನ ಕಾದು ಕುಳಿತಿರುತ್ತಾರೆ, ಚೀಲದ ಮೇಲೆ ಹೊಸದೆಂದು ಬರೆದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅವರ ಗುಂಡು ಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ, ಅದಕ್ಕೇ ಅನ್ನ ಒಂದಕ್ಕೊಂದು ಅಂಟಿ ಕಡ್ಡಿಗಳಲ್ಲಿ ಎತ್ತಲು ಬರುತ್ತದೆ. ನಮ್ಮ ಕುಚ್ಚಲಕ್ಕಿ ಗಂಜಿಗೆ, ಮೀನುಸಾರಿಗೆ ಸರಿಸಾಟಿಯಿಲ್ಲದ್ದು. ಈ ಬಟ್ಟಲಿಗೆ ಮಾತ್ರ ಒಗ್ಗುವುದಿಲ್ಲ, ಸಾಸ್ ಅದರ ಮೇಲಿನಿಂದ ಜಾರಿ ತಳ ಸೇರುತ್ತದೆ. ಆ ವರ್ಷದ ಸೋನಾ ಮಸೂರಿ ತಂದು, ನೀರು ತಿಳಿಯಾಗುವ ತನಕ ತೊಳೆದು, ಅರ್ಧ ಗಂಟೆ ನೆನೆಸಿ, ಗಂಜಿ ಬಸಿಯದೆ ಮುಚ್ಚಿ ಬೇಯಿಸಿ, ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟರೆ ಸಾಕಷ್ಟು ಅಂಟುತ್ತದೆ. ಉಪ್ಪು ಹಾಕಬಾರದು. 1955ರಲ್ಲಿ ತೊಶಿಬಾ ಕಂಪನಿ ತಾನೇ ಆರಿಹೋಗುವ ವಿದ್ಯುತ್ ಅನ್ನದ ಪಾತ್ರೆಯನ್ನು ಮಾರುಕಟ್ಟೆಗೆ ತಂದಾಗ ಅದರ ಹಿಂದಿದ್ದದ್ದು ಇದೇ ಅನ್ನವನ್ನು ಕಾಯುತ್ತ ನಸುಕಿನಲ್ಲಿ ಒಲೆಯ ಮುಂದೆ ಕೂರುತ್ತಿದ್ದ ಹೆಂಗಸರ ಕಷ್ಟ.

ಅನ್ನ ಮುಚ್ಚಿಟ್ಟ ಹತ್ತು ನಿಮಿಷದಲ್ಲಿ ಮೀನು ಆಗುತ್ತದೆ. ಬಿಡಿಸಿದ ಮೀನಿಗೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ, ಕಾವಲಿಗೆ ಸ್ವಲ್ಪವೇ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಬೇಕು. ಮೀನೂ ತನ್ನ ಎಣ್ಣೆ ಬಿಡುತ್ತದೆ, ಅದನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಸಾಸ್ ಮೀನಿಗೆ ಹಿಡಿಯುವುದಿಲ್ಲ. ಈಗ ಸಾಸ್ ಸುರಿಯಿರಿ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಗುಳ್ಳೆಗಳು ದೊಡ್ಡದಾಗಿ ನಿಧಾನವಾಗುತ್ತವೆ. ಚಮಚದಲ್ಲಿ ಎತ್ತೆತ್ತಿ ಮೀನಿನ ಮೇಲೆ ಹಾಕುತ್ತ ಹೋದಂತೆ ಕಂದು ಹೊಳಪು ಕೂರುತ್ತದೆ. ಸೌಟು ಎಳೆದರೆ ಕಾವಲಿಯ ತಳ ಒಂದು ಗಳಿಗೆ ಕಾಣಿಸಿದಾಗ ಒಲೆ ಆರಿಸಿ.

ಮೇಲೆ ಉದುರಿಸುವ ಪುಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಜಪಾನಿನಲ್ಲಿ ಹೀಗೆ ಸುಟ್ಟ ಮೀನಿಗೆ ಸಾನ್ಶೊ ಎಂಬ ಕಾಯಿಯ ಸಿಪ್ಪೆಯ ಪುಡಿ ಬೇಕೇ ಬೇಕು. ಜಿಡ್ಡನ್ನು ಕತ್ತರಿಸುವ ನಿಂಬೆಸಿಪ್ಪೆಯಂಥ ಪರಿಮಳ, ನಾಲಿಗೆಯ ತುದಿಯಲ್ಲಿ ಒಂದು ಜೋಮು. ನಮ್ಮ ಘಟ್ಟದ ಕಾಡಿನ ಜುಮ್ಮನಕಾಯಿ ಅದೇ ಕುಲದ ಮರದ್ದು. ಕೊಂಕಣಿಗರು ತೆಪ್ಪಲ್ ಎಂದು ತಲೆತಲಾಂತರದಿಂದ ಬಂಗುಡೆ, ಬೂತಾಯಿ ಸಾರಿಗೆ ಜಜ್ಜಿ ಹಾಕುತ್ತ ಬಂದದ್ದು ಅದನ್ನೇ. ಅಲ್ಲಿಯೂ ಇಲ್ಲಿಯೂ ಒಳಗಿನ ಕಪ್ಪು ಬೀಜ ಎಸೆದು ಸಿಪ್ಪೆ ಮಾತ್ರ ಬಳಸುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಕಡಲ ತೀರದ ಜನ, ಒಬ್ಬರನ್ನೊಬ್ಬರು ಕೇಳದೆ, ಎಣ್ಣೆಮೀನಿಗೆ ಈ ಒಂದೇ ಕಾಯಿಯ ಬಳಗ ಸರಿ ಎಂದು ಕಂಡುಕೊಂಡಿದ್ದಾರೆ. ಇದು ಗೊತ್ತಾದಾಗ ನನಗಾದ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ. ಒಣಗಿದ ಸಿಪ್ಪೆಯನ್ನು ಬೆಚ್ಚಗೆ ಮಾಡಿ ಕುಟ್ಟಿದರೆ ಸಾಕು, ಒಂದು ಬಟ್ಟಲಿಗೆ ಎರಡು ಬೆರಳಲ್ಲಿ ಹಿಡಿದಷ್ಟು. ಜಪಾನಿನಿಂದ ಪುಡಿ ತರಿಸುವ ಅಗತ್ಯವೇ ಇಲ್ಲ.

ಜೊತೆಗೆ ಒಂದು ತಿಳಿಸಾರು ಇದ್ದರೆ ಊಟ ಪೂರ್ತಿ. ಅವರ ಸಾರಿನ ಬುಡ ಕೊಂಬು ಎಂಬ ಕಡಲ ಪಾಚಿ ಮತ್ತು ಕತ್ಸುಒಬುಶಿ, ಅಂದರೆ ಬೇಯಿಸಿ ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಮೀನು. 1908ರಲ್ಲಿ ಇಕೆದಾ ಕಿಕುನೆ ಎಂಬ ರಸಾಯನ ವಿಜ್ಞಾನಿ ಆ ಪಾಚಿಯ ರುಚಿ ಗ್ಲುಟಮೇಟ್‌ನದು ಎಂದು ತೋರಿಸಿದರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೊ ಒಣಮೀನಿನಲ್ಲಿರುವುದು ಇನೊಸಿನೇಟ್ ಎಂದು ಕಂಡುಹಿಡಿದರು. ಆ ಮೀನು ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಗಾಳ ಹಾಕಿ ಹಿಡಿಯುವ ಟ್ಯೂನಾ ಜಾತಿಯದೇ. ದ್ವೀಪದವರೂ ಅದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್‌ಮೀನ್ ಮಾಡುತ್ತಾರೆ. ಮಾಸ್‌ಮೀನ್ ಕೈಗೆ ಸಿಕ್ಕಿದರೆ ಬಿಡಬೇಡಿ. ಕುಟ್ಟಿ ಕುದಿಸಿ ಸೋಸಿದ ನೀರಿಗೆ ಒಂದು ಹನಿ ಸೋಯಾ ಸಾಸ್, ಎರಡು ಎಸಳು ಈರುಳ್ಳಿ ಹೂವು ಸಾಕು.

ಬಟ್ಟಲಿಗೆ ಅನ್ನ ಹಾಕಿ, ಕಾವಲಿಯ ಸಾಸ್ ಒಂದು ಚಮಚ ಅನ್ನದ ಮೇಲೆ ಬಿಟ್ಟು, ಮೀನು ಇಟ್ಟು, ಮತ್ತೆ ಸ್ವಲ್ಪ ಸಾಸ್. ಕಲಸಬಾರದು. ಸಾರು-ಅನ್ನ ಕಲಸಿ ಉಂಡ ಕೈಗೆ ಇದು ಕಷ್ಟ, ಆದರೆ ಒಂದು ಬದಿಯಿಂದ ತಳದವರೆಗೆ ತೋಡಿ ಎತ್ತಿ ತಿಂದರೆ ಒಂದು ತುತ್ತಿನಲ್ಲಿ ಮೀನು, ಸಾಸ್ ಹೀರಿದ ಅನ್ನ, ಕೆಳಗಿನ ಬಿಳಿ ಅನ್ನ ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ನನ್ನ ಅಮ್ಮ ಹುಳಿ-ಖಾರದ ಪುಳಿಮುಂಚಿಯ ಪಕ್ಷದವರು. "ಹುಳಿ ಹಾಕದೆ ಬೂತಾಯಿ ಉಂಟಾ ಮಗಾ?" ಎಂದರು. ಉಂಡ ಮೇಲೆ, "ಮೀನಿನ ರುಚಿಯೇ ಗೊತ್ತಾಗ್ತದೆ ಇದರಲ್ಲಿ," ಎಂದು ಇನ್ನೊಂದು ತುಂಡು ಹಾಕಿಸಿಕೊಂಡರು. ಪುಳಿಮುಂಚಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಎರಡಕ್ಕೂ ಮನೆಯಲ್ಲಿ ಜಾಗ ಇದೆ, ಬೂತಾಯಿ ಇರುವ ತನಕ.

ಇರುವ ತನಕ ಎಂದದ್ದು ಸುಮ್ಮನೆ ಅಲ್ಲ. ಜಪಾನಿನಲ್ಲಿ 1988ರಲ್ಲಿ ಸುಮಾರು 45 ಲಕ್ಷ ಟನ್ ಇವಾಶಿ ಸಿಕ್ಕಿತ್ತು. ಮುಂದಿನ ದಶಕದಲ್ಲಿ ಅದು ಪಾತಾಳಕ್ಕೆ ಇಳಿಯಿತು. ನಮ್ಮ ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,500 ಟನ್ನಿಗೂ ಕಡಿಮೆಯಾಯಿತು. ಇದಕ್ಕೆ ಒಂದು ಕಾರಣವಾದ ಕಡಲಿನ ಬಿಸಿಯ ಏರಿಳಿತ ನಮ್ಮ ಕೈಯಲ್ಲಿಲ್ಲ. ಮರಿಮೀನು ಹಿಡಿದು ಮೀನುಪುಡಿ ಕಾರ್ಖಾನೆಗೆ ಹಾಕುವುದು, ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರುವುದು ನಮ್ಮ ಕೈಯಲ್ಲಿದೆ. ಜೂನ್, ಜುಲೈಯಲ್ಲಿ ಕರ್ನಾಟಕದ ಯಾಂತ್ರಿಕ ದೋಣಿಗಳಿಗೆ ರಜೆ ಕೊಡುವುದೂ ಮೀನು ಮೊಟ್ಟೆಯಿಟ್ಟು ಬೆಳೆಯಲಿ ಎಂದೇ. ದಯವಿಟ್ಟು ಅಂಗೈ ಉದ್ದಕ್ಕಿಂತ ಚಿಕ್ಕ ಬೂತಾಯಿ ಕೊಳ್ಳಬೇಡಿ, ಮಾರುವವರಿಗೆ ಬೇಡವೆಂದು ಬಾಯಿಬಿಟ್ಟು ಹೇಳಿ. ಮಳೆಗಾಲ ಕಳೆದು ದೊಡ್ಡದು, ಕೊಬ್ಬಿದ್ದು ಬರುತ್ತದೆ. ಆಗ ಹೊಸ ಅಕ್ಕಿಯೂ ಬಂದಿರುತ್ತದೆ. ಈ ಬಟ್ಟಲನ್ನು ಆಗ ಮಾಡಿ.