ಗಾಟಾ ಲೂಪ್ಸ್‌ನ ನೀರು

ಮನಾಲಿ–ಲೇಹ್ ದಾರಿಯಲ್ಲಿ ಒಂಟಿಯಾಗಿ ಸೈಕಲ್ ತುಳಿಯುವವರಿಗೆ ಏರಿನಷ್ಟೇ ಹಳ್ಳಗಳ ಚಿಂತೆ. ಬೆಳಿಗ್ಗೆ ಪಾದ ತೋಯಿಸುವಷ್ಟಿದ್ದ ನೀರು, ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನಕ್ಕೆ ಉಕ್ಕುತ್ತದೆ. ಆಚೆ ದಡದಿಂದ ಕೈ ಚಾಚಲು ಯಾರೂ ಇಲ್ಲ. ಬ್ಯಾಗ್ ಬಿಚ್ಚಿ ಮೊದಲು ಅದನ್ನು ದಾಟಿಸಿ, ವಾಪಸ್ ಬಂದು ಸೈಕಲ್ ಹೊರಬೇಕು.

ಆಮೇಲೆ ಗಾಟಾ ಲೂಪ್ಸ್, 21 ತಿರುವು. (ನಮ್ಮ ಆಗುಂಬೆಯಲ್ಲಿ 14, ಅದೂ ಕಾಡಿನ ನೆರಳಲ್ಲಿ!) ಇಲ್ಲಿ ಒಂದು ಮರವೂ ಇಲ್ಲ, ಗಾಳಿಯೂ ತೆಳು. ನಡುವೆ ಪುಟ್ಟದೊಂದು ಗುಡಿ. ಹಿಂದೆಂದೋ ಹಿಮದಲ್ಲಿ ಸಿಕ್ಕಿ ಸತ್ತ ಲಾರಿ ಕ್ಲೀನರ್‌ನ ದೆವ್ವ ನೀರು ಕೇಳುತ್ತೆ ಅಂತ ಕಥೆ. ಹೋಗಿಬರುವವರು ಇಟ್ಟ ಬಾಟಲಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಕಾರಿನವರಿಗೇನು, ಡಿಕ್ಕಿಯಿಂದ ತೆಗೆದಿಟ್ಟರಾಯಿತು. ಪ್ರತಿ ಲೀಟರನ್ನೂ ಕಾಲಬಲದಲ್ಲೇ ಮೇಲೆತ್ತಿದ ಸೈಕಲ್‌ನವನು ಅರ್ಧ ಬಾಟಲಿ ಇಟ್ಟರೂ ದೆವ್ವ ಒಪ್ಪಿಕೊಳ್ಳಬೇಕಪ್ಪ.